ಬೈಸಿಕೊಂಡವರ ಹಕ್ಕು

ತನ್ನನ್ನು ಬೈದ ಮಾತನ್ನು ತಾನೇ ವೇದಿಕೆ ಮೇಲೆ ಹೇಳುತ್ತೇನೆ ಎಂದು ಹಟ ಹಿಡಿದು ಜಗಳವಾಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡೆ. ನಮ್ಮ ಬೈಲಹೊಂಗಲದಲ್ಲೇ.

ಕಾರ್ಯಕ್ರಮ ಇಷ್ಟು: ಮುರಗೋಡದ ಗುಂಡಾಚಾರ್ಯರೆಂಬ, ಈಗಿಲ್ಲದ ಸಂಗೀತ ವಿಮರ್ಶಕರ ಬದುಕು-ಬರಹ ಕುರಿತ ರಂಗಪ್ರಯೋಗ. ಅರ್ಧ ನಾಟಕ, ಅರ್ಧ ಗಾಯನ. ಸ್ಕ್ರಿಪ್ಟ್ ನನ್ನದು. (ನನಗೆ ಸಂಗೀತ ಬರುತ್ತದೆಂದಲ್ಲ. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನಿಗೆ ಎಲ್ಲವೂ ಬರುತ್ತದೆ ಎಂಬುದು ನಮ್ಮೂರಿನ ನಂಬಿಕೆ.)

ಆಚಾರ್ಯರು ಹಗಲು ಬ್ಯಾಂಕಿನ ಕ್ಲರ್ಕ್, ಸಂಜೆ ಹಾಡುಗಾರರ ಪಾಲಿನ ಯಮ. ಸವದತ್ತಿಯಿಂದ ಕಿತ್ತೂರಿನವರೆಗೆ ಎಲ್ಲೇ ಗಾಯನವಿರಲಿ, ಹೋಗಿ ಕಂಬದ ಪಕ್ಕ ಕೂರುವರು. ಬಾಯಿಂದ ಒಂದು 'ವಾಹ್' ಇಲ್ಲ. ಸ್ವರ ತಪ್ಪಿತೋ, ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುವರು. ಹಾಡುವವರು ತಬಲಾದವನ ಕಡೆಗಿಂತ ಹೆಚ್ಚಾಗಿ ಆ ಕನ್ನಡಕದ ಕಡೆಗೇ ನೋಡುತ್ತಿದ್ದರಂತೆ.

ಅವರ ಪಾತ್ರಕ್ಕೆ ಸಿಕ್ಕವರು ಸಿರಸಂಗಿಯ ಈರಣ್ಣ ಮಾಸ್ತರು. ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಕಲಿಸುವವರು. ಹರೆಯದಲ್ಲಿ ಗಾಯಕರಾಗಲು ಹೊರಟು ಆಚಾರ್ಯರ ಕೈಗೆ ಸಿಕ್ಕಿಬಿದ್ದವರು. ಆ ವಿಮರ್ಶೆ ಅವರಿಗೆ ಇಂದಿಗೂ ಬಾಯಿಪಾಠ: "ಈರಣ್ಣನವರು ತಂಬೂರಿಯನ್ನು ಬಹಳ ಸೊಗಸಾಗಿ ಶ್ರುತಿ ಮಾಡಿದರು. ದುರ್ದೈವದಿಂದ, ಆಮೇಲೆ ಹಾಡಿದರು."

ಇದನ್ನು ಬಿಡಲಾದೀತೇ? ಸ್ಕ್ರಿಪ್ಟಿನ ನಟ್ಟನಡುವೆ ಇಟ್ಟಿದ್ದೆ. ಸಮಿತಿಯ ಅಧ್ಯಕ್ಷರು ತೆಗೆಯಿರಿ ಎಂದರು. ಹಿರಿಯರ ನೆನಪಿನ ಕಾರ್ಯಕ್ರಮದಲ್ಲಿ ಊರ ಕಲಾವಿದನ ಮಾನ ಕಳೆಯುವುದು ಶೋಭಿಸುವುದಿಲ್ಲವಂತೆ.

ಹಾಗಾದರೆ ಉಳಿಯುವುದೇನು? ಕಂಬ, ಕನ್ನಡಕ, ಧೋತರ. ಬೈಯದ ವಿಮರ್ಶಕನೆಂದರೆ ಖಾರ ಹಾಕದ ರಂಜಕದ ಚಟ್ನಿ. ಈಗಿನ ವಿಮರ್ಶೆಯಂತೂ ಗೊತ್ತಲ್ಲ? ಆಮಂತ್ರಣ ಪತ್ರಿಕೆಯನ್ನೇ ಭೂತಕಾಲದಲ್ಲಿ ಬರೆಯುವುದು. ಕೊನೆಗೆ ಕೈಮುಗಿದ ಎಮೋಜಿ.

ಮಾಸ್ತರ ಮನೆಯಲ್ಲೂ ವಿರೋಧ. ಮಗಳ ಮದುವೆ ಗೊತ್ತಾಗಿತ್ತು. ರಾಮದುರ್ಗದ ಬೀಗರು ಮೊದಲ ಸಾಲಿನಲ್ಲಿ ಕೂರುವವರಿದ್ದರು. ಹೊಸ ಬೀಗರ ಮುಂದೆ ನಿಮ್ಮ ಫಜೀತಿ ನೀವೇ ಹೇಳಿಕೊಳ್ಳುತ್ತೀರಾ ಎಂದು ಹೆಂಡತಿ ಎರಡನೇ ರೊಟ್ಟಿ ಬಡಿಸುವುದನ್ನೇ ನಿಲ್ಲಿಸಿದ್ದರಂತೆ.

ಮಾಸ್ತರು ರಿಹರ್ಸಲ್‌ನಲ್ಲಿ ಅಧ್ಯಕ್ಷರ ಎದುರು ನಿಂತರು.

"ಸಾಹೇಬ್ರ, ಹೋಗೂದು ನನ್ನ ಮಾನ. ನಿಮಗ್ಯಾಕ ಸಂಕಟ?"

"ಹಂಗಲ್ರಿ ಮಾಸ್ತರ, ಮಂದಿ ನಗತಾರ."

"ನಗಲ್ರಿ. ಅವರು ಹಂಗ ಬರದದ್ದಕ್ಕ ಹಾಡು ಬಿಟ್ಟು ಪೇಟಿ ಹಿಡದೆ. ಇವತ್ತಿಗೂ ಪೇಟೀನ ಅನ್ನ ಹಾಕಾಕತ್ತೇತಿ. ಆ ಮಾತು ತೆಗದ್ರ ಆಚಾರ್ಯರ ಪಾರ್ಟ್ ನೀವ ಮಾಡ್ರಿ."

ಅಧ್ಯಕ್ಷರಿಗೆ ಧೋತರ ಉಡಲು ಬರುವುದಿಲ್ಲ. ಮಾತು ಉಳಿಯಿತು.

ಪ್ರದರ್ಶನದ ದಿನ ಮಾಸ್ತರು ಆ ಎರಡು ವಾಕ್ಯಗಳನ್ನು ಹೇಳಿ, ಕನ್ನಡಕ ತೆಗೆದು ನಿಧಾನ ಒರೆಸಿದರು. ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದು ಕೂತಿದ್ದರು. ಅಷ್ಟರಲ್ಲಿ ರಾಮದುರ್ಗದ ಬೀಗರು ತೊಡೆ ತಟ್ಟಿಕೊಂಡು ನಕ್ಕರು. ಹಿಂದೆಯೇ ಇಡೀ ಸಭೆ. ಚಪ್ಪಾಳೆಯೋ ಚಪ್ಪಾಳೆ. ಮದುವೆ ಮುರಿಯುವುದಿರಲಿ, ನಮ್ಮ ಬೀಗರು ಭಾರಿ ಕಾಮಿಡಿ ಮಾಡುತ್ತಾರೆ ಎಂಬ ಕೀರ್ತಿ ರಾಮದುರ್ಗದವರೆಗೂ ಹೋಯಿತು.

ಸತ್ಯ ಗೆದ್ದಿತು ಎಂದು ನೀವು ಇಲ್ಲಿಗೇ ಪೇಪರ್ ಮಡಚಬೇಡಿ.

ಮರುದಿನ ಚಹಾದಂಗಡಿಯಲ್ಲಿ ಮಾಸ್ತರು ಸಿಕ್ಕರು. "ಹೆಂಗಾತ್ರಿ? ಮುಲಾಜಿಲ್ಲದ ಹೇಳ್ರಿ, ಆಚಾರ್ಯರ ಗತೆ" ಎಂದರು.

ಹೇಳಿದೆ. ಮೊದಲರ್ಧ ಅದ್ಭುತ. ಆದರೆ ಆ ಚಪ್ಪಾಳೆಯ ನಂತರ ನೀವು ಹೆಜ್ಜೆಗೊಮ್ಮೆ ಕನ್ನಡಕ ಒರೆಸತೊಡಗಿದಿರಿ. ಆಚಾರ್ಯರು ಒರೆಸುತ್ತಿದ್ದುದು ಸ್ವರ ತಪ್ಪಿದಾಗ, ನೀವು ಒರೆಸಿದ್ದು ಮಂದಿ ನಗಲೆಂದು. ಪಾಪ, ಹಾಡುತ್ತಿದ್ದ ಹುಡುಗಿ ಸರಿಯಾಗಿಯೇ ಹಾಡುತ್ತಿದ್ದಳು, ನಿಮ್ಮನ್ನು ನೋಡಿ ನೋಡಿ ಕೊನೆಗೆ ನಿಜಕ್ಕೂ ತಪ್ಪಿದಳು.

ಮಾಸ್ತರು ಚಹಾದ ಬಸಿಯನ್ನು ಕೆಳಗಿಟ್ಟರು. "ಸಂಗೀತದಾಗ ನಿಮಗೇನ್ರಿ ತಿಳೀತೇತಿ?" ಎಂದವರೇ ಎದ್ದು ಹೋದರು. ಅಂದಿನಿಂದ ಮಾತಿಲ್ಲ. ಫೋನ್ ಎತ್ತುವುದಿಲ್ಲ. ಎದುರು ಸಿಕ್ಕರೆ ರಸ್ತೆ ದಾಟುತ್ತಾರೆ. ಮಗಳ ಮದುವೆಯ ಕಾರ್ಡು ನಮ್ಮ ಓಣಿಯ ಮನೆಮನೆಗೂ ಬಂದಿದೆ, ನಮ್ಮ ಮನೆಯೊಂದನ್ನು ಬಿಟ್ಟು.

ಸರಿ, ನಾನು ಆಚಾರ್ಯರಲ್ಲ. ಆದರೂ ಒಂದು ಅನುಮಾನ ಉಳಿಯಿತು. ಅಂದು ಬೈಸಿಕೊಂಡ ಕೂಡಲೇ ಮಾಸ್ತರು ಆಚಾರ್ಯರಿಗೆ ಕೈಮುಗಿದಿದ್ದರೇ? ಸಿರಸಂಗಿಯಲ್ಲಿ ವಿಚಾರಿಸಿದೆ. ಕೈಮುಗಿಯುವುದಿರಲಿ, ಆಚಾರ್ಯರ ಮುಖ ನೋಡಬಾರದೆಂದು ತಮ್ಮ ಖಾತೆಯನ್ನೇ ಬೇರೆ ಬ್ಯಾಂಕಿಗೆ ಒಯ್ದಿದ್ದರಂತೆ. ಆಚಾರ್ಯರು ತೀರಿಕೊಂಡ ಮೇಲೇ ಭಕ್ತಿ ಹುಟ್ಟಿದ್ದು.

ಹಾಗಾದರೆ ಮಾಸ್ತರ, ನನ್ನ ಜೋಡಿ ಮಾತಾಡಲು ನಾನು ಸಾಯೂತನಕ ಕಾಯ್ತೀರೇನು?