ಗಂಡನನ್ನು ನೋಡಲು ಹೋದ ಸೆರೆಮಾಯಾ

ಸೆರೆಮಾಯಾ ನನ್ನ ಸೋದರಮಾವನ ಮಗ. ನಮ್ಮಲ್ಲಿ ಅವನನ್ನು ಭಾವ ಅನ್ನಬೇಕು. ಭಾವ ಅಂದಮೇಲೆ ಬಾಯಿಗೆ ಬಂದದ್ದು ಬೈಯಬಹುದು, ಬೈಸಿಕೊಂಡವನು ಮುಖ ಊದಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಅವನ ಕಥೆ ಹೇಳುವುದಕ್ಕೆ ನನಗಿಂತ ತಕ್ಕವನು ಇಡೀ ಫಿಜಿಯಲ್ಲಿ ಸಿಗಲಿಕ್ಕಿಲ್ಲ.

ಬ್ರಿಸ್ಬೇನಿನ ಒಂದು ರಗ್ಬಿ ಕ್ಲಬ್ಬಿಗೆ ನಮ್ಮ ದ್ವೀಪದಿಂದ ಆಟಗಾರರನ್ನು ಹುಡುಕಿ ಕಳಿಸುವುದು ಅವನ ಕೆಲಸ. ಅವನನ್ನು ವ್ಯಾನಿನಲ್ಲಿ ಊರೂರು ತಿರುಗಿಸುವುದು ನನ್ನ ಕೆಲಸ. ಹರೆಯದಲ್ಲಿ ಅವನೂ ಆಡುತ್ತಿದ್ದ. ಮೈದಾನದ ಅಂಚಿನಲ್ಲಿ ಅವನು ಚೆಂಡು ಹಿಡಿದು ಓಡಿದರೆ ನಾಯಿಗಳೂ ಹಿಂದೆ ಬೀಳುತ್ತಿದ್ದವಂತೆ. ಇದು ಅವನೇ ಹೇಳಿದ್ದು, ಪ್ರಮಾಣ ಮಾಡಲಾರೆ. ಒಂದು ದಿನ ನಾಂದಿ ಊರಿನ ಕಡೆಯ ದೈತ್ಯನೊಬ್ಬ ಅವನ ಮೊಣಕಾಲಿನ ಮೇಲೆ ಕೂತ. ಅಲ್ಲಿಗೆ ಆಟ ಮುಗಿಯಿತು. ಆಮೇಲೆ ಮೈದಾನದ ಬದಿಯಲ್ಲಿ ಕಾಲು ಚಾಚಿ ಕೂತು, ಯಾರು ಎಲ್ಲಿ ಎಡವುತ್ತಾರೆ, ಯಾರು ಹೆದರಿ ಚೆಂಡು ಬಿಡುತ್ತಾರೆ ಅಂತ ಮೊದಲೇ ಹೇಳುತ್ತಿದ್ದ. ಹೇಳಿದ ಹಾಗೇ ಆಗುತ್ತಿತ್ತು. ಅದನ್ನು ಕೇಳಿಸಿಕೊಂಡ ಬ್ರಿಸ್ಬೇನಿನವರೊಬ್ಬರು ಕೆಲಸ ಕೊಟ್ಟರು.

ಕೆಲಸ ಸುಲಭ ಅಂತ ಅವನು ಅಂದುಕೊಂಡಿದ್ದ. ಆದರೆ ನಮ್ಮ ವ್ಯಾನು ಊರಿನ ತಿರುವಿನಲ್ಲಿ ಕಾಣಿಸಿದರೆ ಸಾಕು, ಆ ಊರಿನ ಗಂಡಸರಿಗೆಲ್ಲ ಮೈಮೇಲೆ ಏನೋ ಬಂದ ಹಾಗೆ ಆಗುತ್ತದೆ. ಅಂಗಿ ಬಿಚ್ಚಿ ಬಿಸಾಕಿ ಸುಮ್ಮಸುಮ್ಮನೆ ಮರದ ದಿಮ್ಮಿ ಹೊರುತ್ತಾರೆ. ಒಬ್ಬನಂತೂ ತನ್ನ ಅಜ್ಜಿಯನ್ನೇ ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ಹತ್ತಿದ. ಅಜ್ಜಿಗೆ ಗುಡ್ಡದ ಮೇಲೆ ಏನೂ ಕೆಲಸವಿರಲಿಲ್ಲ, "ಇಳ್ಸೋ ಮಂಗ" ಅಂತ ತಲೆಗೆ ಮೊಟಕುತ್ತಲೇ ಹೋದಳು. ಇನ್ನು ತಾಯಂದಿರು ಸೆರೆಮಾಯಾನನ್ನು ಹಿಡಿದು ಕೂರಿಸಿ ಮೀನು, ದಾಲೋ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಸೊಪ್ಪು ಬಡಿಸಿದರೆ ಬಡಿಸಿದ್ದೇ. ಅವನ ಹೊಟ್ಟೆ ಈಗಿರುವ ಅಳತೆಗೆ ಬಂದದ್ದು ಹೀಗೆ.

ಗುಟ್ಟಾಗಿ ಹೋಗೋಣ ಅಂದರೂ ಆಗದು. ಯಾವ ಊರಿಗೆ ಹೋದರೂ ಮೊದಲು ಊರಗೌಡರ ಮುಂದೆ ಯಂಗೋನಾ ಬೇರಿನ ಕಟ್ಟು ಇಟ್ಟು, ಬಂದ ಕಾರಣ ಹೇಳಬೇಕು. ಒಮ್ಮೆ ತಾನು ಫ್ರಿಜ್ ರಿಪೇರಿಯವನು ಅಂದುಬಿಟ್ಟ. "ದೇವರೇ ಕಳ್ಸಿದ ಹಾಗಾಯ್ತು" ಅಂತ ಅವರು ಅಂಗಡಿಯ ಕೆಟ್ಟ ಫ್ರಿಜ್ಜಿನ ಮುಂದೆ ಕೂರಿಸಿದರು. ಇವನು ಯಾವುದೋ ತಂತಿ ಎಳೆದ. ಇಡೀ ಊರಿನ ಕರೆಂಟು ಹೋಯಿತು. ಆಮೇಲೆ ಸುಳ್ಳು ಹೇಳುವುದು ಬಿಟ್ಟ.

ಅವನಿಗೆ ಇನ್ನೊಂದು ದೌರ್ಬಲ್ಯವಿತ್ತು. ಆಯ್ಕೆಯಾದವನಿಗೆ ಸಿಹಿ ಸುದ್ದಿ ತಾನೇ ಹೇಳುತ್ತಿದ್ದ. ಆಗದವನಿಗೆ ಹೇಳುವ ಹೊತ್ತಿಗೆ ಸರಿಯಾಗಿ ಅವನ ಮೊಣಕಾಲು ನೋಯುತ್ತಿತ್ತು. "ಮಾನೋವಾ, ನೀನೇ ಹೋಗಿ ಹೇಳ್ಬಿಡೋ, ನೀನು ಮಾತುಗಾರ" ಅನ್ನುತ್ತಿದ್ದ. ಎಷ್ಟು ಮನೆಗಳಲ್ಲಿ ನನ್ನ ಮೇಲೆ ಬಾಗಿಲು ಹಾಕಿಕೊಂಡಿದ್ದಾರೋ ನನಗೇ ಗೊತ್ತು.

ಹೀಗಿರುವಾಗ ಸಿಂಗಾಟೋಕಾ ನದಿಯ ಮೇಲ್ಗಡೆ ವುನಿದಾವಾ ಅನ್ನುವ ಊರಿನಲ್ಲಿ ಕಿತಿಯೋನೆ ಅನ್ನುವವನೊಬ್ಬ ಇದ್ದಾನೆ, ಅವನನ್ನು ಹಿಡಿದು ಕೆಡವಿದವರೇ ಇಲ್ಲ ಅಂತ ಸುದ್ದಿ ಬಂತು. ಒಂದು ಶನಿವಾರ ಹೋದೆವು. ಪಕ್ಕದ ಊರಿನ ಜೊತೆ ಪಂದ್ಯ. ಸುದ್ದಿ ಸುಳ್ಳಾಗಿರಲಿಲ್ಲ. ಕಿತಿಯೋನೆ ಚೆಂಡು ಹಿಡಿದರೆ ಎದುರಿನವರ ಕೈಗೆ ಗಾಳಿ ಸಿಗುತ್ತಿತ್ತು, ಅವನು ಸಿಗುತ್ತಿರಲಿಲ್ಲ. ಪ್ರತಿ ಸಲ ಗೆರೆ ದಾಟಿದಾಗಲೂ ನಮ್ಮ ಕಡೆ ತಿರುಗಿ ಒಂದು ನಗೆ ಬೀರುತ್ತಿದ್ದ.

"ಹೆಂಗೆ ಭಾವ?" ಅಂದೆ.

"ಚೆನ್ನಾಗಿದಾನೆ," ಅಂದ ಸೆರೆಮಾಯಾ. ಆದರೆ ಹುಬ್ಬು ಗಂಟಿಕ್ಕಿತ್ತು. "ಇವರಿಗೆ ಹಿಡಿಯೋಕೆ ಬರಲ್ವೋ, ಅವನು ಸಿಗಲ್ವೋ, ಅದೇ ಗೊತ್ತಾಗ್ತಿಲ್ಲ."

ಪಂದ್ಯ ಮುಗಿದ ಮೇಲೆ ಗಂಡಸರು ಮಾವಿನ ಮರದ ಕೆಳಗೆ ಯಂಗೋನಾ ಬೇರು ಅರೆದ ನೀರು ಕುಡಿಯುತ್ತ ಕೂತರು. ಖಾಲಿ ಮೈದಾನಕ್ಕೆ ಹೆಂಗಸರು ಇಳಿದರು. ಚರ್ಚಿನ ಹೆಂಗಸರ ಬಳಗ, ಬರಿಗಾಲು, ಸೊಂಟಕ್ಕೆ ಸುತ್ತಿದ ಸುಲು ಬಟ್ಟೆ ಎತ್ತಿ ಕಟ್ಟಿಕೊಂಡು ತಮಾಷೆಗೆ ಆಟ. ಕಿತಿಯೋನೆಗೆ ಇನ್ನೂ ಚಪ್ಪಾಳೆಯ ಹಸಿವು ತೀರಿರಲಿಲ್ಲ. "ನಾನು ಆ ಕಡೆ ಆಡ್ತೀನಿ, ಪಾಪ ಸೋಲ್ತಾ ಇದಾರೆ," ಅಂತ ನುಗ್ಗಿ ಚೆಂಡು ಕಸಿದುಕೊಂಡು ಓಡಿದ. ಎದುರಿಗೆ ಒಬ್ಬಳೇ ಉಳಿದಿದ್ದಳು, ಗಿಡ್ಡಗೆ, ಗಟ್ಟಿಮುಟ್ಟಾಗಿ. ಅವನು ಎಡಕ್ಕೆ ಹೊರಳುವ ಹಾಗೆ ಮಾಡಿ ಬಲಕ್ಕೆ ಜಿಗಿದ. ಅವಳು ಆಗಲೇ ಬಲಕ್ಕೆ ನಿಂತಿದ್ದಳು. ಸೊಂಟಕ್ಕೆ ಹೆಗಲು ಕೊಟ್ಟು ಎತ್ತಿ ಮಲಗಿಸಿದಳು. ಚೆಂಡು ಒಂದು ಕಡೆ, ಕಿತಿಯೋನೆ ಒಂದು ಕಡೆ.

ಮಾವಿನ ಮರದ ಕೆಳಗೆ ನಗು ಎದ್ದಿತು. ಅವನು ನಗುತ್ತಲೇ ಎದ್ದು ಇನ್ನೊಮ್ಮೆ ಓಡಿದ. ಮತ್ತೆ ಮಲಗಿದ. ಮೂರನೆಯ ಸಲ ಅವನು ನಗಲಿಲ್ಲ, ಜೀವ ಬಿಟ್ಟು ಓಡಿದ. ಮಲಗಿದ ಮೇಲೆ ಏಳುವುದು ಸ್ವಲ್ಪ ತಡವಾಯಿತು.

ಸೆರೆಮಾಯಾ ಯಂಗೋನಾ ಚಿಪ್ಪನ್ನು ಕೆಳಗಿಟ್ಟು ಕುಂಟುತ್ತ ಹೋದ. "ಯಾರಮ್ಮ ನೀನು?"

"ವಸೇವಾ. ಅವನ ಹೆಂಡತಿ."

"ಅವನು ಬಲಕ್ಕೆ ಬರ್ತಾನೆ ಅಂತ ಹೆಂಗೆ ಗೊತ್ತಾಯ್ತು?"

"ಸುಳ್ಳು ಹೇಳೋಕೆ ಮುಂಚೆ ಅವನ ಕಣ್ಣು ಎಡಕ್ಕೆ ಹೋಗುತ್ತೆ ಮಾವ. ಮನೇಲೂ ಅಷ್ಟೇ. ಮೀನು ಹಿಡಿಯೋಕೆ ಹೋಗಿದ್ದೆ ಅಂತಾನಲ್ಲ, ಆಗ್ಲೂ ಹಿಂಗೇ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಸೆರೆಮಾಯಾ ಮಾತ್ರ ಯೋಚನೆಗೆ ಬಿದ್ದ. ಕ್ಲಬ್ಬಿನವರು ಹೊಸದಾಗಿ ಹೆಂಗಸರ ತಂಡ ಕಟ್ಟುತ್ತಿದ್ದರು. ಆದರೆ ಇವಳಿಗೆ ಗಂಡನೊಬ್ಬನ ಗುಟ್ಟು ಮಾತ್ರ ಗೊತ್ತೋ, ಎಲ್ಲರದ್ದೂ ಕಾಣುತ್ತದೋ? ಪಕ್ಕದ ಊರಿನ ಆಟಗಾರರನ್ನು ಒಬ್ಬೊಬ್ಬರನ್ನೇ ಕರೆದು ಅವಳ ಎದುರು ಓಡಿಸಿದ. ಒಬ್ಬೊಬ್ಬರನ್ನೇ ಅವಳು ಮಲಗಿಸಿದಳು. ಕೊನೆಗೆ ಅವನ ಕಣ್ಣು ನನ್ನ ಮೇಲೆ ಬಿತ್ತು.

"ಮಾನೋವಾ, ನೀನೂ ಓಡು."

"ನಾನು ಡ್ರೈವರು ಕಣೋ!"

"ಅದಕ್ಕೇ. ನಿನ್ನ ಆಟ ಅವಳು ನೋಡಿಲ್ಲ. ಯಾರೂ ನೋಡಿಲ್ಲ."

ಊರವರ ಮುಂದೆ ಇಲ್ಲ ಅನ್ನಲಾಗದೆ ಓಡಿದೆ. ನೆಲ ಯಾವಾಗ ಮೇಲೆ ಬಂತೋ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ವಸೇವಾ ಬಗ್ಗಿ ನೋಡುತ್ತಿದ್ದಳು. "ಏಟಾಯ್ತಾ ಮಾವ? ನೀವು ಯಾವ ಕಡೆ ಹೋಗ್ಬೇಕು ಅಂತ ನಿಮಗೇ ಗೊತ್ತಿರ್ಲಿಲ್ಲ, ಅದಕ್ಕೆ ಸುಮ್ನೆ ಮಧ್ಯಕ್ಕೆ ಬಂದೆ." ನನ್ನ ಪಕ್ಕೆ ಈಗಲೂ ಚಳಿಗೆ ನೋಯುತ್ತದೆ.

"ಇವಳನ್ನೇ ಕಳಿಸೋಣ," ಅಂದ ಸೆರೆಮಾಯಾನ ಮುಖ ಅರಳಿತ್ತು. ಆದರೆ ತಿರುಗಿ ನೋಡಿದರೆ ಕಿತಿಯೋನೆ ಇರಲಿಲ್ಲ. ಕುದುರೆ ತೊಳೆಯುವ ನೆಪ ಮಾಡಿಕೊಂಡು ನದಿಗೆ ಹೋಗಿದ್ದ.

"ಹೋಗಿ ಹೇಳ್ಬಿಡೋ, ನನ್ನ ಕಾಲು..." ಅಂದ ಭಾವ.

"ನನ್ನ ಪಕ್ಕೆ ಮುರಿದಿದೆ," ಅಂದೆ. "ಈ ಸಲ ನೀನೇ ಹೋಗು. ಅವನ ಊರಿಗೆ ಬಂದು ಊರವರ ಅನ್ನ ತಿಂದವನು ನೀನು."

ಅವನು ಹೋದ. ನಾನೂ ಪಕ್ಕೆ ಹಿಡಿದುಕೊಂಡು ಹಿಂದೆ ಹೋದೆ, ಈ ನೋಟ ಯಾರು ಬಿಡುತ್ತಾರೆ?

ಕಿತಿಯೋನೆ ನೀರಿನಲ್ಲಿ ನಿಂತು ಕುದುರೆಯ ಬೆನ್ನು ಉಜ್ಜುತ್ತಿದ್ದ. ತಿರುಗಲಿಲ್ಲ. "ನನ್ನ ನೋಡೋಕೆ ಬಂದವರು ನೀವು," ಅಂದ.

"ಹೌದಪ್ಪ."

"ನಾನು ಚೆನ್ನಾಗಿ ಆಡಿಲ್ವಾ?"

ಸೆರೆಮಾಯಾ ಸುಲು ಎತ್ತಿಕೊಂಡು ತಾನೂ ನೀರಿಗಿಳಿದ. "ಚೆನ್ನಾಗಿ ಆಡ್ದೆ. ಖಾಲಿ ಜಾಗ ಸಿಕ್ಕಿದ್ರೆ ನಿನ್ನಷ್ಟು ಜೋರಾಗಿ ಓಡೋನು ಈ ನದಿ ಬಯಲಲ್ಲಿ ಇಲ್ಲ. ಆದ್ರೆ ಅಲ್ಲಿ ಖಾಲಿ ಜಾಗ ಕೊಡಲ್ಲ ಕಣೋ. ನಿನ್ನ ಕಣ್ಣು ಏನು ಹೇಳುತ್ತೆ ಅಂತ ಇವತ್ತು ನನಗೆ ಗೊತ್ತಾಯ್ತು, ಅವರಿಗೆ ಒಂದೇ ಆಟದಲ್ಲಿ ಗೊತ್ತಾಗುತ್ತೆ. ನಿನ್ನ ಕಳ್ಸಿದ್ರೆ ಬೇಗ ವಾಪಸ್ ಕಳಿಸ್ತಾರೆ. ಅವಳನ್ನ ಕಳ್ಸಿದ್ರೆ ಬಿಡಲ್ಲ."

"ಊರೆಲ್ಲ ನಗುತ್ತೆ."

"ಆಗ್ಲೇ ನಕ್ಕಾಯ್ತಲ್ಲ. ಸತ್ತೆಯಾ?"

ಕಿತಿಯೋನೆ ಕುದುರೆಯ ಮೇಲೆ ನೀರು ಎರಚಿದ. ಅರ್ಧ ನೀರು ನಮ್ಮ ಮೇಲೆ ಬಿತ್ತು, ಬೇಕೆಂದೇ ಇರಬೇಕು. ಸೆರೆಮಾಯಾ ಹೊರಡಲಿಲ್ಲ. ಅಲ್ಲೇ ನಿಂತು, ಯಾರಿಗೂ ಹೇಳದಿದ್ದ ಒಂದು ವಿಷಯ ಹೇಳಿದ. ಅವನ ಮೊಣಕಾಲು ಮುರಿದ ದಿನ ಹೊರದೇಶದವರು ಒಬ್ಬರು ಅವನನ್ನೇ ನೋಡಲು ಬಂದಿದ್ದರಂತೆ. ಒಂದು ಮಾತೂ ಆಡದೆ, ಅವನನ್ನು ಹೊತ್ತು ತರುವ ಮೊದಲೇ ಕಾರು ಹತ್ತಿ ಹೋದರಂತೆ. "ಬಂದು ಆಗಲ್ಲಪ್ಪ ಅಂತ ಹೇಳಿದ್ರೂ ಸಾಕಿತ್ತು," ಅಂದ. ಅವನ ಜೊತೆ ಅಷ್ಟು ವರ್ಷ ತಿರುಗಿದ ನನಗೂ ಅದು ಹೊಸ ಸುದ್ದಿ.

ಕಿತಿಯೋನೆಯ ಮನೆಗೆ ಬಂದರೆ, ಸುದ್ದಿ ಆಗಲೇ ಮುಟ್ಟಿ ಅಲ್ಲಿ ಬೇರೆ ಗಲಾಟೆ. ಅವನ ಅಜ್ಜಿ ಸಲೋತೆ ಚಾಪೆಯ ಮೇಲೆ ಕೂತು ತೀರ್ಪು ಕೊಡುತ್ತಿದ್ದಳು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಚಳಿ ದೇಶ, ಹೆಂಗಸರು ಅಷ್ಟು ದೂರ ಯಾಕೆ ಹೋಗಬೇಕು. ಚಿಕ್ಕಪ್ಪಂದಿರು ತಲೆಯಾಡಿಸುತ್ತಿದ್ದರು. ವಸೇವಾ ಮಗಳಿಗೆ ಪಪಾಯಿ ತಿನ್ನಿಸುತ್ತಿದ್ದವಳು ತಟ್ಟೆ ಕುಕ್ಕಿದಳು.

"ಎಲ್ಲರೂ ಎಲ್ಲರನ್ನೂ ಕೇಳಿ ಆಯ್ತು. ನನ್ನ ಯಾರಾದ್ರೂ ಕೇಳಿದ್ರಾ?"

ಚಿಕ್ಕಪ್ಪಂದಿರ ತಲೆಯಾಡಿಸುವುದು ನಿಂತಿತು.

"ಏನಮ್ಮ, ಹೋಗ್ತೀಯಾ?" ಅಂದ ಸೆರೆಮಾಯಾ.

"ಹೋಗ್ತೀನಿ. ಸ್ಕೂಲಲ್ಲಿ ಆಡ್ತಿದ್ದೆ. ಆಮೇಲೆ ತಂಡ ಇರ್ಲಿಲ್ಲ, ಮದುವೆ ಇತ್ತು. ಗಂಡನ್ನ ಕೆಡವೋಕೆ ಅವಕಾಶ ಸಿಕ್ಕಿದ್ದೇ ಇವತ್ತು."

ಬಾಗಿಲಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಕಿತಿಯೋನೆ ಕೇಳಿಸಿಕೊಂಡ. ಹೆಂಡತಿಯ ಮುಖ ನೋಡಿದ. ಆಮೇಲೆ ಬಂದು ಮಗಳನ್ನು ಎತ್ತಿಕೊಂಡ. "ಇವಳನ್ನ ನಾನು ನೋಡ್ಕೋತೀನಿ ಅಜ್ಜಿ," ಅಂದ.

"ನಿನಗೆ ಅನ್ನ ಬೇಯಿಸೋಕೆ ಬರುತ್ತೇನೋ?"

"ಬರುತ್ತೆ."

"ಕಣ್ಣು ಎಡಕ್ಕೆ ಹೋಯ್ತು!" ಅಂದಳು ವಸೇವಾ. ಈ ಸಲ ಅವನೂ ನಕ್ಕ.

ಕ್ಲಬ್ಬಿನವರು ಸುಲಭಕ್ಕೆ ಒಪ್ಪಲಿಲ್ಲ. ಗಿಡ್ಡ ಅಂದರು, ವಯಸ್ಸಾಯಿತು ಅಂದರು, ಮಗು ಬೇರೆ ಇದೆ ಅಂದರು. ಸೆರೆಮಾಯಾ ಫೋನಿನಲ್ಲಿ, "ಇವಳು ಬೇಡ ಅಂದ್ರೆ ಇನ್ಮೇಲೆ ನನಗೂ ಫೋನ್ ಮಾಡ್ಬೇಡಿ" ಅಂದು ಇಟ್ಟುಬಿಟ್ಟ. ಆಮೇಲೆ ದಿನವೆಲ್ಲ ಫೋನನ್ನೇ ನೋಡುತ್ತ ಕೂತು ನನ್ನ ತಲೆ ತಿಂದ. ಸಂಜೆ ಫೋನು ಬಂತು, ಕಳಿಸಿ ಅಂದರು. ಆಟದ ಮೊದಲ ಋತುವಿನಲ್ಲೇ ವಸೇವಾ ತಂಡದಲ್ಲಿ ಗಟ್ಟಿಯಾಗಿ ನಿಂತಳು, ಎರಡನೆಯದಕ್ಕೆ ಅವಳಿಲ್ಲದೆ ತಂಡವೇ ಇರಲಿಲ್ಲ. ಗಂಡ, ಮಗಳು ಅಲ್ಲಿಗೇ ಹೋದರು. ಕಿತಿಯೋನೆ ಹಣ್ಣಿನ ಗೋದಾಮಿನಲ್ಲಿ ಕೆಲಸ ಹಿಡಿದ, ವಾರಕ್ಕೊಮ್ಮೆ ಬಡಾವಣೆಯ ತಂಡಕ್ಕೆ ಆಡುತ್ತಾನೆ. ಅನ್ನವೂ ಬರುತ್ತದಂತೆ, ತಳ ಹಿಡಿಯುವುದು ಕಡಿಮೆಯಾಗಿದೆಯಂತೆ.

ನಮ್ಮ ಪಾಡು ಮಾತ್ರ ಕೆಟ್ಟಿತು. ಈಗ ವ್ಯಾನು ತಿರುವಿನಲ್ಲಿ ಕಂಡರೆ ಹೆಂಗಸರು ಸುಲು ಎತ್ತಿ ಕಟ್ಟಿ ಗಂಡಂದಿರನ್ನು ಅಟ್ಟಿಸಿಕೊಂಡು ಬರುತ್ತಾರೆ. ಗಂಡಸರು ಗದ್ದೆಯ ಕಡೆ ಓಡುತ್ತಾರೆ. ಹಿಂದೆಂದೂ ಯಾವ ಪಂದ್ಯದಲ್ಲೂ ಅವರು ಅಷ್ಟು ಚೆನ್ನಾಗಿ ಓಡಿದ್ದನ್ನು ನಾನು ನೋಡಿಲ್ಲ. ಆಗದವರಿಗೆ ಈಗ ಸೆರೆಮಾಯಾ ತಾನೇ ಹೋಗಿ ಹೇಳುತ್ತಾನೆ. ಹೇಳುವಾಗ ಬೆವರುತ್ತಾನೆ, ಆದರೆ ಹೇಳುತ್ತಾನೆ.

ಕಿತಿಯೋನೆ ಪ್ರತಿ ಭಾನುವಾರ ಚರ್ಚು ಮುಗಿಯುತ್ತಿದ್ದ ಹಾಗೇ ಬ್ರಿಸ್ಬೇನಿನಿಂದ ಫೋನ್ ಮಾಡುತ್ತಾನೆ. "ಮಾವ, ಇಲ್ಲಿ ಒಬ್ಬ ಟೋಂಗಾದವನು ಇದಾನೆ, ಬಲಗಾಲು ನೋವು ಮುಚ್ಚಿಡ್ತಿದಾನೆ. ಇನ್ನೊಬ್ಬಳು ಇದಾಳೆ, ಚೆಂಡು ಬರೋ ಮುಂಚೆನೇ ಹೆದರ್ತಾಳೆ." ಅವನು ಹೇಳಿದ್ದು ಬಹುಪಾಲು ನಿಜವಾಗುತ್ತಿದೆ. ಊಟ ಆರಿಹೋಗುತ್ತಿರುವಾಗ ಸೆರೆಮಾಯಾ, "ಸಾಕು ಇಡಪ್ಪ, ಇಡೋ ಮಾರಾಯ" ಅಂತ ಬೈಯುತ್ತಾನೆ, ಫೋನನ್ನು ಮಾತ್ರ ಇನ್ನೊಂದು ಕಿವಿಗೆ ಬದಲಾಯಿಸಿಕೊಳ್ಳುತ್ತಾನೆ.