ಹಳದಿ ಚೀಟಿ

ಶರಣಪ್ಪ, ಆ ಚೀಟಿಯಲ್ಲಿ ನೀನು ಹೇಳಿದ್ದನ್ನು ನಾನು ಬರೆಯಲಿಲ್ಲ. ನನಗೆ ಅನ್ನಿಸಿದ್ದನ್ನು ಬರೆದೆ. ಓದಲು ಬಾರದವನು, ಗಟ್ಟಿಯಾಗಿ ಓದಿದರೂ ಯಾವುದು ತನ್ನ ಚೀಟಿ ಅಂತ ಇವನಿಗೇನು ಗೊತ್ತಾಗುತ್ತೆ ಅಂದುಕೊಂಡೇ ಬರೆದೆ. ಇದನ್ನೂ ನಿನಗೆ ಇನ್ನೊಬ್ಬರೇ ಓದಿ ಹೇಳಬೇಕು — ಅವರಾದರೂ ಇದ್ದದ್ದು ಇದ್ದ ಹಾಗೆ ಓದಲಿ.

ತೊಂಬತ್ತರ ದಶಕದ ಕೊನೆ. ಹಲಸೂರಿನ ನಮ್ಮ ಫಿಲಂ ಸೊಸೈಟಿಗೆ ನಾನು ಕಾರ್ಯದರ್ಶಿ. ನೀನು ರಾಮಮೂರ್ತಿ ನಗರದ ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗಿದ್ದವನು, ಗುಲ್ಬರ್ಗಾ ಕಡೆಯ ಗಾರೆ ಕೆಲಸದವನು, ಸಿನಿಮಾ ಅಂದರೆ ಊಟ ಬಿಡುವವನು. ಆ ಭಾನುವಾರ ಮಧ್ಯಾಹ್ನ ನಿನ್ನನ್ನು ಅತಿಥಿಯಾಗಿ ಕರೆದುಕೊಂಡು ಹೋದೆ. ಮುಂದಿನ ತಿಂಗಳು ಸದಸ್ಯನನ್ನಾಗಿ ಮಾಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ನೀನು ಹೊಸ ಶರ್ಟು ಹಾಕಿಕೊಂಡು ಬಂದಿದ್ದೆ.

ಚಿತ್ರಕ್ಕೆ ಪ್ರಶಸ್ತಿಯ ಮೇಲೆ ಪ್ರಶಸ್ತಿ ಬಂದಿತ್ತು. ನಿರ್ದೇಶಕರು ಮುಂದಿನ ಸಾಲಿನಲ್ಲೇ ಕೂತಿದ್ದರು. ಪರಿಚಯ ಭಾಷಣದಲ್ಲಿ ಅವರನ್ನು ಅಟ್ಟಕ್ಕೇರಿಸಿದವನು ನಾನೇ — ಚಿತ್ರ ನೋಡದೆಯೇ. ಆಮೇಲೆ ನೋಡಿದರೆ, ಅದರಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಭಾಷಣ ಬಿಗಿಯುತ್ತಾರೆ. ಕಲ್ಲು ಹೊರುವ ಹೆಂಗಸು ಕುಸಿದು ಬೀಳುವುದು ಸರಿಯಾಗಿ 'ಸಮಾನತೆ' ಎಂದು ಬರೆದ ಗೋಡೆಯ ಮುಂದೆ. ನನಗೆ ರೇಗಿಹೋಯಿತು. ದೀಪ ಹತ್ತಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಹೊಡೆಯುತ್ತಲೇ ಒಬ್ಬೊಬ್ಬರ ಮುಖ ನೋಡಿದೆ — ಇವರಿಗೆ ನಿಜಕ್ಕೂ ಹಿಡಿಸಿತೋ, ಪಕ್ಕದವನಿಗೆ ಹೆದರಿ ಹೊಡೆಯುತ್ತಿದ್ದಾರೋ? ಎಲ್ಲರೂ ನನ್ನ ಹಾಗೇ ನಾಟಕ ಆಡುತ್ತಿದ್ದಾರೆ ಅನ್ನೋ ಗುಮಾನಿ ನನಗೆ.

ನಮ್ಮಲ್ಲೊಂದು ಪದ್ಧತಿ ಇತ್ತು. ಚಿತ್ರ ಮುಗಿದ ಮೇಲೆ ಹೆಸರು ಹಾಕದೆ ಚೀಟಿಯಲ್ಲಿ ಅಭಿಪ್ರಾಯ ಬರೆದು ಡಬ್ಬಿಗೆ ಹಾಕಬೇಕು, ಅಧ್ಯಕ್ಷರು ಗಟ್ಟಿಯಾಗಿ ಓದಬೇಕು. ಸದಸ್ಯರಿಗೆ ಬಿಳಿ ಚೀಟಿ, ಅತಿಥಿಗಳಿಗೆ ಹಳದಿ. ನೀನು ನಿನ್ನದನ್ನು ನನ್ನ ಕೈಗೆ ಕೊಟ್ಟು ಕಿವಿಯಲ್ಲಿ ಹೇಳಿದೆ: "ನಮ್ಮವ್ವನ್ನ ಯಾರೋ ಒಬ್ರು ನೋಡ್ಯಾರ ಅನಿಸ್ತು ಅಂತ ಬರೀರಿ ಸರ."

ನಾನು ಬರೆದೆ — "ಇದು ಸಿನಿಮಾ ಅಲ್ಲ, ಕಿವಿ ಹಿಂಡಿ ಹೇಳುವ ನೀತಿಪಾಠ. ಬಡವರ ಹೆಸರಲ್ಲಿ ಪ್ರಶಸ್ತಿ ಹೊಡೆಯುವ ಉಪಾಯ." ನನ್ನ ಬಿಳಿ ಚೀಟಿಯಲ್ಲಿ 'ಅದ್ಭುತ' ಅಂತ ಬರೆದೆ. ಅವತ್ತು ಬಂದಿದ್ದ ಅತಿಥಿ ನೀನೊಬ್ಬನೇ, ಹಳದಿ ಚೀಟಿ ಒಂದೇ ಒಂದು ಎಂಬುದು ಮರೆತೇಹೋಗಿತ್ತು. ನಿಜವಾಗಿ ಮರೆತಿದ್ದೆನೋ, ಇಲ್ಲವೋ — ಈ ವಿಷಯದಲ್ಲಿ ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಅಧ್ಯಕ್ಷರು ಓದಿದರು. ನಿರ್ದೇಶಕರ ಮುಖ ಕಪ್ಪಿಟ್ಟಿತು. ಎಲ್ಲರೂ ತಿರುಗಿ ನಿನ್ನನ್ನು ನೋಡಿದರು.

"ಇದು ನಿಮ್ದೇನ್ರೀ?" ಅಂತ ಅಧ್ಯಕ್ಷರು ಕೇಳಿದರು. ನೀನು ನನ್ನನ್ನು ನೋಡಿದೆ. ನನ್ನ ಬಾಯಿಂದ ಒಂದು ಮಾತು ಬರಬೇಕಿತ್ತು. ನಾನು ಡಬ್ಬಿಯ ಮುಚ್ಚಳ ಹಾಕುತ್ತಾ ಕೂತೆ.

"ಹೌದ್ರೀ, ನಂದ," ಅಂದೆ ನೀನು.

"ಸಿನಿಮಾ ಅರ್ಥ ಆಗದವರನ್ನೆಲ್ಲ ಕರ್ಕೊಂಡ್ ಬಂದ್ರೆ ಹೀಗೇ ಆಗೋದು," ಎಂದು ಅವರು ನನಗೆ ಹೇಳಿದರು. ನೀನು ಸದಸ್ಯನಾಗುವ ಮಾತು ಅಲ್ಲಿಗೇ ಮುಗಿಯಿತು.

ಯಾಕೆ ಒಪ್ಪಿಕೊಂಡೆ ನೀನು? ಓದು ಬರಹ ಬಾರದ್ದು ಅಷ್ಟು ಜನರ ಎದುರು ಬಯಲಾಗುತ್ತೆ ಅಂತಲೋ, ನನ್ನ ಮಾನ ಉಳಿಸಲೋ — ನಾಚಿಕೆಗೇಡು, ನಿನ್ನ ಒಳ್ಳೆಯತನದಲ್ಲೂ ಹುಳುಕು ಹುಡುಕಿದೆ. ಇವನು ಏನೋ ಮನಸ್ಸಲ್ಲಿಟ್ಟುಕೊಂಡಿದ್ದಾನೆ, ಇವತ್ತಲ್ಲ ನಾಳೆ ಕೇಳ್ತಾನೆ ಅಂತ ತಿಂಗಳುಗಟ್ಟಲೆ ಕಾದೆ. ನೀನು ಏನನ್ನೂ ಕೇಳದೆ ಕೋಣೆ ಖಾಲಿ ಮಾಡಿ ಹೋದೆ.

ಕೇಳಿದ್ದು ಒಂದೇ, ಅವತ್ತು ವಾಪಸು ಬರುವಾಗ, ಬಸ್ ಸ್ಟಾಪಿನಲ್ಲಿ.

"ನಾ ಹೇಳಿದ್ದು ಆ ಚೀಟ್ಯಾಗ ಹಿಡೀಲಿಲ್ಲೇನ್ರೀ ಸರ?"

"ಇಲ್ಲಪ್ಪ, ಜಾಗ ಸಾಲ್ಲಿಲ್ಲ," ಅಂದೆ.

ಅರ್ಧ ಚೀಟಿ ಖಾಲಿ ಇತ್ತು, ಶರಣಪ್ಪ.