ಹೆಸರಿಗಿಂತ ಮೊದಲು

ನಮ್ಮ ಭೂವಿಜ್ಞಾನದ ಸರ್ ಅವರ ಅಂಗಿಯ ಎಡಗಡೆ ಕಿಸೆ ಯಾವತ್ತೂ ಜೋತಾಡುತ್ತಿತ್ತು. ಅದರಲ್ಲಿ ಪೆನ್ನಿನ ಜೊತೆಗೆ ಮೂರು ನಾಲ್ಕು ಕಲ್ಲುಗಳಿರುತ್ತಿದ್ದವು. ಎಷ್ಟು ಸಲ ಹೊಲಿಸಿದರೂ ಹರಿಯುತ್ತದೆಂದು ಗಜೇಂದ್ರಗಡದ ಟೇಲರೊಬ್ಬ ಬೇಸತ್ತು, ಕೈಮಗ್ಗದ ಸೀರೆಯ ಸೆರಗಿನ ದಪ್ಪ ತುಂಡೊಂದನ್ನು ಕಿಸೆಯ ಒಳಗೆ ಇಟ್ಟು ಹೊಲಿದುಕೊಟ್ಟಿದ್ದ. ಸರ್ ಬಗ್ಗಿದಾಗಲೆಲ್ಲ ಬಿಳಿ ಅಂಗಿಯಿಂದ ಆ ಕೆಂಪು ಸೆರಗು ಇಣುಕುತ್ತಿತ್ತು. ನಾವು ಕಿಸಕ್ಕನೆ ನಗುತ್ತಿದ್ದೆವು. ಯಾಕೆ ನಗುತ್ತೇವೆಂದು ಅವರಿಗೂ ಗೊತ್ತಿತ್ತು.

ಪಿಯುಸಿಯಲ್ಲಿ ಆ ವಿಷಯ ತೆಗೆದುಕೊಂಡವರು ನಾಲ್ಕೇ ಜನ. ನಾನು ಮುಶಿಗೇರಿಯಿಂದ ಬಸ್ಸಿಗೆ ಬರುತ್ತಿದ್ದೆ. ಜೀವಶಾಸ್ತ್ರ ತೆಗೆದುಕೊಂಡರೆ ಕಪ್ಪೆ ಕೊಯ್ಯಬೇಕು ಎಂದು ಯಾರೋ ಹೆದರಿಸಿದ್ದರಿಂದ ಕಲ್ಲಿನ ಪಾಲಿಗೆ ಬಂದವಳು ನಾನು. ಹಾಗೇನೂ ಕೊಯ್ಯಬೇಕಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಪ್ಪನಂತೂ, “ಕಲ್ಲು ಓದಾಕ ಗಜೇಂದ್ರಗಡಕ್ಕ ಯಾಕ ಹೋಗತೀಯವ್ವ? ನಮ್ಮ ಹೊಲದಾಗ ಆರಿಸಿದಷ್ಟೂ ಅದಾವು,” ಎಂದು ತಮಾಷೆ ಮಾಡಿದ.

ಸರ್ ಪಾಲಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ನಾಲ್ಕು ಹುಡುಗರಿಗಾಗಿ ಒಂದು ಕೋಣೆ ಹಿಡಿದಿಡುವುದು ಪ್ರಿನ್ಸಿಪಾಲರಿಗೆ ಸರಿ ಕಾಣುತ್ತಿರಲಿಲ್ಲ. ಅಲ್ಲಿ ಕಂಪ್ಯೂಟರ್ ಇಡಬೇಕೆಂದು ಅವರ ಆಸೆ. ಒಂದು ದಿನ ಬಾಗಿಲಲ್ಲೇ ನಿಂತು ನಮ್ಮೆದುರಿಗೇ ಹೇಳಿದರು: “ನಾಲ್ಕರಾಗ ಒಬ್ಬರು ಫೇಲಾದರೂ ಮುಂದಿನ ವರ್ಷ ಈ ವಿಷಯ ಬಂದ್ ನೋಡ್ರಿ. ಆಮ್ಯಾಲ ನನಗ ಕೇಳಬ್ಯಾಡ್ರಿ.” ಸರ್ “ಹೌದ್ರಿ” ಎಂದಷ್ಟೇ ಹೇಳಿ ಕಲ್ಲಿನ ಧೂಳು ಒರೆಸತೊಡಗಿದರು.

ಕಪಾಟಿನಲ್ಲಿ ಇದ್ದದ್ದು ಇಪ್ಪತ್ತೋ ಇಪ್ಪತ್ತೆರಡೋ ಮಾದರಿ ಕಲ್ಲುಗಳು. ಸರ್ ಒಂದನ್ನೆತ್ತಿ ಕೈಗೆ ಕೊಡುತ್ತಿದ್ದರು. ನಾವು ಹೆಸರು ಹೇಳಲು ಬಾಯಿ ತೆರೆದರೆ ಸಾಕು, “ಹೆಸರ ಆಮ್ಯಾಲ. ಮೊದಲ ಹ್ಯಾಂಗ ಗೊತ್ತಾತು ಹೇಳು,” ಎಂದು ತಡೆಯುತ್ತಿದ್ದರು. ಗೀರಿ ನೋಡಬೇಕು, ಬಿಳಿ ಬಿಲ್ಲೆಗೆ ಉಜ್ಜಿ ಪುಡಿಯ ಬಣ್ಣ ನೋಡಬೇಕು, ಆಮ್ಲದ ಹನಿ ಬಿಟ್ಟು ನೊರೆ ಬರುತ್ತದೋ ಎಂದು ನೋಡಬೇಕು, ಅಂಗೈಯಲ್ಲಿಟ್ಟು ತೂಗಬೇಕು. ನಮಗೆ ಇದೆಲ್ಲ ಭಾರಿ ಬೇಸರ. ಶಿರೋಳದ ಹುಡುಗನೊಬ್ಬ ಸುಲಭದ ದಾರಿ ಹುಡುಕಿದ. ಊರಲ್ಲಿ ದನ ಗುರುತಿಡುವಂತೆ ಕಲ್ಲುಗಳಿಗೂ ಗುರುತಿಟ್ಟ. ಒಂದು ಮೂಲೆ ಚಕ್ಕೆ ಎದ್ದದ್ದು ‘ಹರಕಗಿವಿ’, ಅದು ಹೆಮಟೈಟ್. ಉಬ್ಬಿದ್ದು ‘ಡುಬ್ಬಿ’, ಅದು ಕ್ವಾರ್ಟ್ಜ್. ಬಿಳಿಯದು ‘ಬೆಣ್ಣಿಮುದ್ದಿ’, ಕ್ಯಾಲ್ಸೈಟ್. ಎರಡೇ ವಾರದಲ್ಲಿ ನಾಲ್ವರೂ ಎಲ್ಲ ಕಲ್ಲನ್ನೂ ದೂರದಿಂದಲೇ ಗುರುತಿಸತೊಡಗಿದೆವು. ಪುಡಿಯ ಬಣ್ಣ, ತೂಕವೆಲ್ಲ ಬಾಯಿಪಾಠ. ಸರ್ ಹಿಗ್ಗಿಹೋದರು.

ಆ ಹಿಗ್ಗನ್ನು ಹಾಳು ಮಾಡಿದವಳು ನಾನೇ. ಪರೀಕ್ಷೆಗೆ ತಿಂಗಳಿರುವಾಗ ಅವರು ಕೇಳಿದ ಕಲ್ಲಿಗೆ ಬಾಯಿ ತಪ್ಪಿ “ಹರಕಗಿವಿ ರೀ” ಅಂದುಬಿಟ್ಟೆ. ಸರ್ ಕಲ್ಲನ್ನು ತಿರುಗಿಸಿ ನೋಡಿದರು. ನಮ್ಮ ಮುಖ ನೋಡಿದರು. ಎಲ್ಲ ತಿಳಿಯಿತು. ಬೈಯಲಿಲ್ಲ. ಸುತ್ತಿಗೆ ತೆಗೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತು ಕಪಾಟಿನ ಮಾದರಿಗಳನ್ನು ಒಂದೊಂದಾಗಿ ಒಡೆದರು. ವರ್ಷಗಟ್ಟಲೆ ಅಂಗಿ ಹರಿದುಕೊಂಡು ಕೂಡಿಸಿದ್ದ ಕಲ್ಲುಗಳವು. ಸದ್ದಿಗೆ ಓಡಿಬಂದ ಪ್ರಿನ್ಸಿಪಾಲರು, “ಹುಚ್ಚ ಹಿಡದೈತೇನ್ರಿ ನಿಮಗ?” ಎಂದು ಕೂಗಿದರು. ಸರ್ ಎಲ್ಲ ಚೂರುಗಳನ್ನು ಒಂದೇ ಬುಟ್ಟಿಗೆ ಸುರಿದು ನನ್ನ ಮುಂದಿಟ್ಟರು.

“ಈಗ ಹೇಳವ್ವ. ಹ್ಯಾಂಗ ಗೊತ್ತಾತು?”

ಚೂರುಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿದೆ; ಹರಕಗಿವಿ, ಡುಬ್ಬಿ ಒಂದೂ ಗುರುತು ಸಿಗಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ಆ ತಿಂಗಳು ಸರ್ ನಮ್ಮನ್ನು ಬಿಡಲಿಲ್ಲ. ಬೆಳಗ್ಗೆ ಬುಟ್ಟಿಯ ಚೂರು, ಸಂಜೆ ಗಜೇಂದ್ರಗಡದ ಗುಡ್ಡ. ಕೋಟೆಯ ಕೆಳಗಿನ ಬಂಡೆಯಲ್ಲಿ ಮರಳು ಪದರ ಪದರವಾಗಿ ಕೂತದ್ದನ್ನು ನನ್ನ ಬೆರಳು ಹಿಡಿದು ಮುಟ್ಟಿಸಿದರು. “ಇಲ್ಲೆ ನೀರ ಹರೀತಿತ್ತು. ನಾ ಹೇಳಿದೆ ಅಂತ ನಂಬಬ್ಯಾಡ, ಕೈಲೆ ನೋಡು,” ಎಂದರು. ನನ್ನ ಅಂಗೈಗೆ ನಿಧಾನಕ್ಕೆ ತೂಕ ತಿಳಿಯತೊಡಗಿತು. ಮನೆಯಲ್ಲಿ ಅವ್ವ ರೊಟ್ಟಿಯ ಹಿಟ್ಟಿನ ಉಂಡೆಗಳನ್ನು ಅಂದಾಜಿನಲ್ಲೇ ಒಂದಳತೆಗೆ ಮಾಡುವುದು ನನಗೆ ಆಗಲೇ ದೊಡ್ಡ ವಿದ್ಯೆಯಾಗಿ ಕಂಡದ್ದು.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಮ್ಮ ಬುಟ್ಟಿಯನ್ನು ನೋಡಲೂ ಇಲ್ಲ. “ನನ್ನ ಕಲ್ಲು ನಾನೇ ತಂದೀನ್ರಿ,” ಎಂದು ಪೆಟ್ಟಿಗೆ ಬಿಚ್ಚಿದರು. ನನಗೆ ಬಂದದ್ದು ಬಿಳಿಯ ಕಲ್ಲು. ಬೆಣ್ಣಿಮುದ್ದಿಯ ತಂಗಿಯೇ ಸರಿ! ಕ್ಯಾಲ್ಸೈಟ್ ಎಂದು ಬರೆಯಲು ಪೆನ್ನು ಎತ್ತಿದೆ. ಸರ್ ಕಿಟಕಿಯ ಬಳಿ ನನಗೆ ಎಡಮಗ್ಗುಲಾಗಿ ನಿಂತು ಹೊರಗೆ ನೋಡುತ್ತಿದ್ದರು. ಆ ಜೋತುಬಿದ್ದ ಕಿಸೆ ನೋಡಿ ಪೆನ್ನು ಕೆಳಗಿಟ್ಟೆ.

ಚಾಕುವಿನಿಂದ ಗೀರಿದೆ, ಗೀರು ಬಿತ್ತು. ಕ್ವಾರ್ಟ್ಜ್ ಅಲ್ಲ. ಆಮ್ಲದ ಹನಿ ಬಿಟ್ಟೆ. ಕ್ಯಾಲ್ಸೈಟ್ ಆಗಿದ್ದರೆ ಉಕ್ಕಬೇಕಿದ್ದ ನೊರೆ ಬರಲಿಲ್ಲ. ಇನ್ನೊಂದು ಹನಿ ಬಿಟ್ಟೆ, ಬರಲಿಲ್ಲ. ಅಂಗೈಯಲ್ಲಿಟ್ಟು ತೂಗಿದೆ; ಇಷ್ಟು ಸಣ್ಣ ಬಿಳಿ ಕಲ್ಲು ಇಷ್ಟು ಭಾರ ಇರಬಾರದು. ಹೀಗೆ ಭಾರವಾದ ಬಿಳಿಯದು ಪುಸ್ತಕದಲ್ಲಿ ಒಂದೇ ಇತ್ತು. ಬೆರೈಟ್ ಎಂದು ಬರೆದೆ.

“ಇದನ್ನ ಮೊದಲ ಎಲ್ಲೆರ ನೋಡಿದ್ದೇನು?” ಪರೀಕ್ಷಕರು ಕೇಳಿದರು.

“ಇಲ್ರಿ. ನಮ್ಮ ಕಾಲೇಜಿನಾಗ ಇಲ್ರಿ.”

“ಮತ್ತ ಹ್ಯಾಂಗ ಗೊತ್ತಾತು?”

ಕಿಟಕಿಯ ಬಳಿ ಸರ್ ತಿರುಗಿದರು. ನಾನು ಮೊದಲಿಂದ ಕೊನೆಯವರೆಗೂ ಹೇಳಿದೆ, ಒಂದು ಹೆಜ್ಜೆ ಬಿಡದೆ. ಪರೀಕ್ಷಕರು ಸರ್ ಕಡೆ ನೋಡಿ, “ಚಲೋ ಕಲಿಸೀರಿ,” ಎಂದರು. ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ನಾಲ್ವರೂ ಪಾಸಾದೆವು, ಶಿರೋಳದವನು ನನಗಿಂತ ಎರಡು ಅಂಕ ಹೆಚ್ಚು. ಕೋಣೆ ಉಳಿಯಿತು. ಮುಂದಿನ ವರ್ಷ ಹತ್ತೊಂಬತ್ತು ಹುಡುಗರು ಸೇರಿದರು. ಹೊಸ ಕಪಾಟು ಕೊಡಿಸಿದವರು ಪ್ರಿನ್ಸಿಪಾಲರೇ!

ಹೋದ ವರ್ಷ ಸರ್ ನಿವೃತ್ತರಾದರು. ಈಗ ಭೂವಿಜ್ಞಾನಿಯಾಗಿರುವ ನಾನು ಹೊಸದುರ್ಗದ ಗುಡ್ಡಗಳಲ್ಲಿ ಅಲೆದು ತಂದ ಒಂದು ಬಿಳಿ ಕಲ್ಲನ್ನು ಬೀಳ್ಕೊಡುಗೆಗೆ ಒಯ್ದಿದ್ದೆ. ಶಾಲು ಹಾರವೆಲ್ಲ ಮುಗಿದ ಮೇಲೆ ಅದನ್ನು ಅವರ ಕೈಗಿಟ್ಟೆ. ಅಂಗೈಯಲ್ಲಿ ತೂಗಿದರು. ತೂಗಿದ್ದೇ ಸಾಕಾಯಿತು, ಮುಖ ಅರಳಿತು. ಆದರೂ ವೇದಿಕೆಗೇ ಸುತ್ತಿಗೆ ತರಿಸಿದರು, ಒಂದೇ ಏಟಿಗೆ ಎರಡು ಹೋಳು ಮಾಡಿದರು. ಕೆಳಗೆ ಕುಳಿತ ಹುಡುಗ ಹುಡುಗಿಯರು ಹೋ ಎಂದರು.

“ಹೇಳವ್ವ,” ಎಂದು ಮೈಕನ್ನು ನನ್ನ ಕಡೆ ತಿರುಗಿಸಿದರು.

“ಬೆ—” ಅನ್ನುವಷ್ಟರಲ್ಲಿ ಕೆಳಗಿದ್ದ ಅಷ್ಟೂ ಮಕ್ಕಳು ಒಂದೇ ದನಿಯಲ್ಲಿ ಕೂಗಿದರು: “ಹೆಸರ ಆಮ್ಯಾಲ!”

ಸರ್ ಹೊಟ್ಟೆ ಹಿಡಿದು ನಕ್ಕರು. ಒಂದು ಹೋಳನ್ನು ಕಾಲೇಜಿನ ಕಪಾಟಿಗೆ ಕೊಟ್ಟು, ಇನ್ನೊಂದನ್ನು ಹೊಸ ಅಂಗಿಯ ಎಡಗಡೆ ಕಿಸೆಗೆ ಹಾಕಿಕೊಂಡರು. ಕಿಸೆ ಜೋತುಬಿತ್ತು.